ಟವೆಲಿಗೆ ಬೀಸಿದ ಗಾಳಿ

ಕರೆಂಟು ಉಳಿಸಲೆಂದು ಬಂದ ಸರ್ಕಾರಿ ಅನುದಾನದಲ್ಲಿ ಪಂಚಾಯಿತಿ ಕಚೇರಿಗೆ ಹೊಸ ಫ್ಯಾನು ಹಾಕಿದರು. ಹಳೆಯದನ್ನು ಬಿಚ್ಚಿ ಮೂಲೆಗೆ ಒರಗಿಸಿದರು.

"ನೀನು ಕರೆಂಟು ನುಂಗಿ ನುಂಗಿ ಈ ಗತಿಗೆ ಬಂದೆ. ಉಳಿತಾಯ ನೋಡಲು ತನಿಖಾಧಿಕಾರಿ ಯಾವ ಗಳಿಗೆಯಲ್ಲಾದರೂ ಬರಬಹುದು. ನಾನು ಉಳಿಸಿದ್ದು ಕಂಡರೆ ಅಂಗನವಾಡಿಗೂ ಇಂಥ ಫ್ಯಾನಿಗೆ ಅನುದಾನ ಸಿಗುತ್ತದೆ, ನೋಡುತ್ತಿರು," ಎಂದಿತು ಹೊಸ ಫ್ಯಾನು.



ಮರುದಿನ ಪಿಡಿಒ ಸಾಹೇಬರು ಬಂದು, ಕುರ್ಚಿಯ ಬೆನ್ನಿಗೆ ಟವೆಲು ಹೊದಿಸಿ, ಫ್ಯಾನು ಹಾಕಿ, ತಮ್ಮ ಸ್ವಂತ ಕೆಲಸಕ್ಕೆ ಹೊರಟುಹೋದರು. ಫ್ಯಾನು ತಿರುಗುತ್ತಿದ್ದರೆ ಸಾಹೇಬರು ಇಲ್ಲೇ ಎಲ್ಲೋ ಇದ್ದಾರೆಂದು ಅರ್ಥ. ಅದು ಆ ಕಚೇರಿಯ ರೂಢಿ. ಅವರ ಸಹಿಗಾಗಿ ಬಂದ ಗಂಗವ್ವ ಬಾಗಿಲಲ್ಲಿ ಕೂತು ಫ್ಯಾನನ್ನೇ ನೋಡುತ್ತ ಕಾದಳು.

ಹೊತ್ತು ನೆತ್ತಿಗೇರಿತು. ಹೊಸ ಫ್ಯಾನಿಗೆ ದಿಗಿಲು ಹತ್ತಿತು.

"ಮೀಟರಣ್ಣ, ಸ್ವಲ್ಪ ತಡೆ."

"ನೀನು ನಿಂತರೆ ನಾನೂ ನಿಲ್ಲುತ್ತೇನೆ," ಎಂದಿತು ಮೀಟರು.

"ಸ್ವಿಚ್ಚಣ್ಣ, ನನ್ನನ್ನು ಆರಿಸು."

"ಮನುಷ್ಯರ ಬೆರಳು ಬೀಳದೆ ನಾನು ಕದಲುವವನಲ್ಲ," ಎಂದಿತು ಸ್ವಿಚ್ಚು.

ಹೊರಗೆ ಜೀಪು ಬಂದು ನಿಂತಿತು. ಹೊಸ ಫ್ಯಾನು ಮೂಲೆಯತ್ತ ನೋಡಿ, "ಅಜ್ಜ, ಇಷ್ಟು ವರ್ಷ ನೀನು ಯಾರಿಗೆ ಗಾಳಿ ಬೀಸಿದೆ?" ಎಂದು ಕೇಳಿತು.

"ಅದೇ ಟವೆಲಿಗೆ."

ತನಿಖಾಧಿಕಾರಿ ಒಳಗೆ ಬಂದು, "ಸಾಹೇಬರು ಇದ್ದಾರೇನಮ್ಮಾ?" ಎಂದರು.

"ಅದಾರ್ರಿ," ಎಂದಳು ಗಂಗವ್ವ. "ಫ್ಯಾನ್ ತಿರಗಾಕತ್ತೇತಲ್ರಿ."

ಅವರು ಖಾಲಿ ಕುರ್ಚಿಯನ್ನು ನೋಡಿದರು, ಮೀಟರನ್ನು ನೋಡಿದರು. "ಅಂಗನವಾಡಿಯ ಅನುದಾನ ಸದ್ಯಕ್ಕೆ ಬೇಡ," ಎಂದು ತಾವೇ ಸ್ವಿಚ್ಚು ಆರಿಸಿದರು.

ಫ್ಯಾನು ನಿಂತಿತು. ಸಾಹೇಬರು ಇಲ್ಲವೆಂದು ತಿಳಿದು ಗಂಗವ್ವ ಎದ್ದು ಮನೆಯ ದಾರಿ ಹಿಡಿದಳು.