ಬಿರುಕಿನ ತುದಿ

"ದಾರಿ ತಪ್ಪಿದೆ, ತಾಯಿ. ಸ್ವಲ್ಪ ಹೇಳ್ತೀರಾ?" ಎಂದು ಕೇಳಿದಳು ಚಂದಲೆ.

ಹಳ್ಳದ ದಂಡೆಯಲ್ಲಿ ತೊಗಲು ಹರವಿಕೊಂಡು ಕೂತಿದ್ದ ಹೆಂಗಸು ತಲೆ ಎತ್ತದೆಯೇ, ಎಲ್ಲಿಗೆ ಹೋಗಬೇಕು ಎಂದಳು.

"ಅದು ಗೊತ್ತಿಲ್ಲ."

ಹೆಂಗಸು ಈಗ ತಲೆ ಎತ್ತಿದಳು. ಕಾಲಿನ ಧೂಳಿನಿಂದ ಹಿಡಿದು ಕೆದರಿದ ತುರುಬಿನವರೆಗೆ ಒಮ್ಮೆ ನೋಡಿದಳು.

"ಎಲ್ಲಿಗೆ ಅಂತಲೇ ಗೊತ್ತಿಲ್ಲದವಳು ತಪ್ಪಿದ್ದು ಹೇಗವ್ವ? ತಪ್ಪೋದಕ್ಕಾದರೂ ಒಂದು ದಾರಿ ಬೇಕಲ್ಲ."

ಚಂದಲೆಗೆ ನಗುವೂ ಬಂತು, ಅಳುವೂ ಬಂತು. ನಡೆದು ನಡೆದು ಸಾಕಾಗಿತ್ತು. ಅಲ್ಲೇ ಒಂದು ಕಲ್ಲಿನ ಮೇಲೆ ಕುಕ್ಕರಿಸಿದಳು.

ಅವಳು ಕಂಚುಗಾರರ ಮನೆಯ ಮಗಳು. ಹೊಳೆಯ ತಿರುವಿನಲ್ಲಿದ್ದ ಆಶ್ರಮದಲ್ಲಿ ಒಂಬತ್ತು ವರ್ಷದಿಂದ ಶಿಷ್ಯೆ.

ಆಶ್ರಮದ ಎದುರಿಗೆ, ಹೊಳೆಯ ನಡುವೆ, ಮೂರು ಬಂಡೆಗಳಿವೆ. ಮಾರ್ಗಶಿರದಲ್ಲಿ ಮಂಜು ಇಳಿಯಿತೆಂದರೆ ಹರಿಗೋಲಿನವನಿಗೆ ತನ್ನ ಹುಟ್ಟಿನ ತುದಿಯೇ ಕಾಣದು, ಬಂಡೆ ಎಲ್ಲಿ ಕಂಡೀತು. ಅದಕ್ಕೇ ದಡದಲ್ಲೊಂದು ಗಂಟೆ. ಗಂಟೆಯ ದನಿ ಎಡಗಿವಿಗೆ ಬೀಳುವಂತೆ ನಡೆಸಿದರೆ ಆಚೆ ದಡ. ಬಲಗಿವಿಗೆ ಬಿದ್ದರೆ ಬಂಡೆ.

ಆ ಗಂಟೆಯ ಎರಕ ಹೊಯ್ದವಳು ಚಂದಲೆ. ಆಳೆತ್ತರದ ಗಂಟೆ. ಏಳು ತಲೆಮಾರಿನಲ್ಲಿ ಅವಳ ಮನೆಯ ಯಾವ ಗಂಡಸೂ ಅಷ್ಟು ದೊಡ್ಡದನ್ನು ಹೊಯ್ದಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ. ಎಲ್ಲರಿಗೂ ತಿಳಿಯುವಂತೆ ಮಾತ್ರ ನೋಡಿಕೊಳ್ಳುತ್ತಿದ್ದಳು.

ಅಂಥ ಗಂಟೆ ಬಿರಿಯಿತು.

ಕೂದಲೆಳೆಯಷ್ಟು ಸಣ್ಣ ಬಿರುಕು, ಹೊಡೆದು ನೋಡಿದಾಗಲೆಲ್ಲ ಇಷ್ಟಿಷ್ಟೇ ಮೇಲೇರುತ್ತಿತ್ತು. ಕಂಚುಗಾರರು ಏನು ಮಾಡುತ್ತಾರೋ ಅದನ್ನೇ ಅವಳೂ ಮಾಡಿದಳು. ಕಾಯಿಸಿ ಬೆಸುಗೆ ಹಾಕಿದಳು. ಕಾವಿಗೆ ಬಿರುಕು ನಾಲ್ಕು ಬೆರಳು ಬೆಳೆಯಿತು. ಹಟಕ್ಕೆ ಬಿದ್ದು ಮತ್ತೆ ಕಾಯಿಸಿದಳು. ಮತ್ತೆ ನಾಲ್ಕು ಬೆರಳು.

ಆಮೇಲೆ ಮೂವರು ಹೆಸರಾಂತ ಕಂಚುಗಾರರನ್ನು ಹುಡುಕಿಕೊಂಡು ಹೋದಳು. ಮೂವರೂ ಒಂದೇ ಮಾತು ಹೇಳಿದರು: ಕರಗಿಸು, ಹೊಸದಾಗಿ ಹೊಯ್ಯಿ. ಹೊಯ್ಯುವುದಕ್ಕೆ ನಾಲ್ಕು ತಿಂಗಳು ಬೇಕು. ಮಂಜು ಇಳಿಯುವುದಕ್ಕೆ ಉಳಿದದ್ದು ಇಪ್ಪತ್ತೈದು ದಿನ.

ಬಂದು ಗುರುವಮ್ಮನ ಮುಂದೆ ನಿಂತಳು. ಆಶ್ರಮದ ಗುರುವನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಎಪ್ಪತ್ತು ದಾಟಿದ್ದ ಅವರು ಅವರೆಕಾಯಿ ಸುಲಿಯುತ್ತಲೇ ಪಾಠ ಹೇಳುತ್ತಿದ್ದರು. ಪಾಠವೂ ಅಷ್ಟೆ, ಸಿಪ್ಪೆ ಸುಲಿಯುವ ಕೆಲಸ ನಿಮಗೆ ಬಿಟ್ಟದ್ದು.

"ಮೂವರನ್ನು ಕೇಳಿ ಬಂದೆ" ಎಂದಳು ಚಂದಲೆ.

"ಒಬ್ಬರನ್ನೇ ಮೂರು ಸಲ ಕೇಳಿ ಬಂದೆ" ಎಂದರು ಗುರುವಮ್ಮ.

"ಇನ್ಯಾರನ್ನು ಕೇಳಲಿ?"

"ಕಂಚು ಮುಟ್ಟದವರನ್ನು. ಆದರೆ ಗಂಟೆ ಅನ್ನಬಾರದು. ಕಂಚು ಅನ್ನಬಾರದು. ಬಿರುಕು ಅನ್ನಬಾರದು."

"ಈ ಮೂರೂ ಬಿಟ್ಟರೆ ನನ್ನ ಹತ್ತಿರ ಏನು ಉಳಿಯಿತು, ಅಮ್ಮ?"

"ಪ್ರಶ್ನೆ."

ಹಾಗೆ ಹೊರಟವಳು ಊರೂರು ಅಲೆದಳು. ಶುರುವಾದದ್ದೊಂದು ನಿಲ್ಲುತ್ತಿಲ್ಲ, ನಿಲ್ಲಿಸುವುದು ಹೇಗೆ ಎಂದು ಕಂಡಕಂಡವರನ್ನು ಕೇಳಿದಳು.

ಸೂಲಗಿತ್ತಿ, ಎಷ್ಟು ತಿಂಗಳಾಯಿತು ಎಂದು ಹೊಟ್ಟೆ ನೋಡಿದಳು. ವೀಳ್ಯದೆಲೆ ಮಾರುವವಳು ಗಂಡನ ಕುಡಿತವೋ ಅತ್ತೆಯ ಬಾಯೋ ಎಂದು ಪಿಸುಗುಟ್ಟಿದಳು. ಒಬ್ಬ ಶಾಸ್ತ್ರಿಗಳು ಮೊದಲು 'ಶುರು' ಎಂದರೇನು ಎಂದು ವಿಚಾರ ಮಾಡೋಣ ಎಂದರು. ಮಧ್ಯಾಹ್ನವಾದರೂ 'ನಿಲ್ಲುವುದು' ಇನ್ನೂ ಬಂದಿರಲಿಲ್ಲ. ಅವಳು ಊಟದ ನೆಪ ಹೇಳಿ ತಪ್ಪಿಸಿಕೊಂಡಳು.

ಒಬ್ಬ ಕುರುಬ ಮಾತ್ರ ಕಿವಿಗೊಟ್ಟು ಕೇಳಿ, ಹುಲ್ಲುಗಾವಲಿಗೆ ಬೆಂಕಿ ಬಿದ್ದಾಗ ಅದರ ಹಿಂದೆ ಓಡಬಾರದು, ಅದಕ್ಕಿಂತ ಮುಂದೆ ಹೋಗಿ ನಿಲ್ಲಬೇಕು ಎಂದ. ಮಾತು ಚೆನ್ನಾಗಿತ್ತು. ಕಂಚಿನಲ್ಲಿ ಮುಂದೆ ಹೋಗಿ ನಿಲ್ಲುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಅದನ್ನೇ ಯೋಚಿಸುತ್ತಾ ಹೋಗಿ ದಾರಿ ತಪ್ಪಿದಳು.

ತೊಗಲಿನ ಹೆಂಗಸಿನ ಹೆಸರು ಮಾಚವ್ವ. ಮೆಟ್ಟು ಹೊಲಿಯುವವಳು. ಚಂದಲೆ ಅವಳಿಗೂ ಅದೇ ಪ್ರಶ್ನೆ ಹಾಕಿದಳು.

ಯಾವುದರದು ಎಂದಳು ಮಾಚವ್ವ. ಹೇಳುವಂತಿಲ್ಲ ಎಂದಳು ಚಂದಲೆ. ಮಾಚವ್ವ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ತುಂಡು ತೊಗಲು ತೆಗೆದು, ಅಂಚಿನಿಂದ ನಡುವಿನವರೆಗೆ ಕತ್ತಿಯಿಂದ ಸೀಳಿ ಅವಳ ಕೈಗೆ ಕೊಟ್ಟು, ಎಳೆ ಎಂದಳು.

ಚಂದಲೆ ಎಳೆದಳು. ಸೀಳು ಆಚೆ ಅಂಚಿನವರೆಗೆ ಹರಿದುಹೋಯಿತು.

ಮಾಚವ್ವ ಇನ್ನೊಂದು ತುಂಡು ತೆಗೆದಳು. ಹಾಗೆಯೇ ಸೀಳಿದಳು. ಸೀಳಿನ ತುದಿಯಲ್ಲಿ ದುಂಡುಬಾಯಿಯ ಉಳಿ ಇಟ್ಟು ಒಂದು ಪೆಟ್ಟು ಹಾಕಿದಳು. ಸಾಸಿವೆಗಿಂತ ದೊಡ್ಡದು, ಮೆಣಸಿಗಿಂತ ಚಿಕ್ಕದು, ಅಂಥದೊಂದು ತೂತು.

"ಈಗ ಎಳಿ."

ಚಂದಲೆ ಎಳೆದಳು. ಕಾಲು ಕೊಟ್ಟು ಎಳೆದಳು. ತೊಗಲು ಹರಿಯಲಿಲ್ಲ.

"ಚೂಪಾದ ತುದಿಗೆ ಮುಂದಿನ ದಾರಿ ಗೊತ್ತಿರ್ತದೆ" ಎಂದಳು ಮಾಚವ್ವ. "ದುಂಡಗೆ ಮಾಡಿಬಿಟ್ರೆ ಅಲ್ಲೇ ಸುತ್ತು ಹಾಕ್ಕೊಂಡು ಕೂತಿರ್ತದೆ."

"ಇಷ್ಟೇನಾ?"

"ಇಷ್ಟೇ. ನಮ್ಮಲ್ಲಿ ಇದು ಮೊದಲನೆ ದಿನದ ಪಾಠ. ನಿಮ್ಮಲ್ಲಿ ಎಷ್ಟನೇದು?"

ಚಂದಲೆ ಎದ್ದಳು. ಹಳ್ಳದ ನೀರು ಹೋದ ಕಡೆ ಹೋದರೆ ಹೊಳೆ ಸಿಗುತ್ತದೆ ಎಂದು ಮಾಚವ್ವ ದಾರಿಯನ್ನೂ ಹೇಳಿದಳು. ಈ ಸಲ ಎಲ್ಲಿಗೆ ಹೋಗಬೇಕೆಂದು ಚಂದಲೆಗೆ ಗೊತ್ತಿತ್ತು.

ಆಶ್ರಮಕ್ಕೆ ಬಂದವಳು ಬೈರಿಗೆ ಹಿಡಿದು ಕೂತಳು. ಎರಡು ದಿನ ಕೊರೆದು ಬಿರುಕಿನ ತುದಿಯಲ್ಲಿ ದುಂಡನೆಯ ತೂತು ಮಾಡಿದಳು. ಇಡೀ ಆಶ್ರಮ ಬಂದು ನೋಡಿತು. ಗಂಟೆಗೆ ತೂತು ಕೊರೆದು ಗಂಟೆ ಉಳಿಸುವ ವಿದ್ಯೆಯನ್ನು ಅವರು ಕಂಡದ್ದು ಅದೇ ಮೊದಲು. ಚಂದಲೆಯ ಕುತ್ತಿಗೆ ಮತ್ತೆ ನೆಟ್ಟಗಾಯಿತು.

ಮೂರನೆಯ ದಿನ ಹೊಡೆದು ನೋಡಿದಾಗ ಬಿರುಕು ತೂತಿನ ಆಚೆ ಬದಿಯಲ್ಲಿ ಕಾಣಿಸಿಕೊಂಡಿತು.

ಮಂಜಿಗೆ ಇನ್ನು ಒಂಬತ್ತು ದಿನ.

ತೊಗಲಿನ ವಿದ್ಯೆ ತೊಗಲಿಗೇ ಸರಿ ಎಂದು ಗುರುವಮ್ಮನ ಮುಂದೆ ಬಂದು ಗೊಣಗಿದಳು. ಅವರು ಕಾಯಿ ಸುಲಿಯುತ್ತಲೇ ಇದ್ದರು.

"ತೂತು ಎಲ್ಲಿ ಕೊರೆದೆ?"

"ತುದಿಯಲ್ಲಿ."

"ಅದೇ ತುದಿ ಅಂತ ಹೇಳಿದವರು ಯಾರು?"

"ನನ್ನ ಕಣ್ಣು."

"ಅದೂ ಕಂಚುಗಾರರ ಮನೆಯದೇ" ಎಂದರು ಗುರುವಮ್ಮ.

ಯಾರ ಬಳಿ ಹೋಗಬೇಕೆಂದು ಅವರು ಹೇಳಲಿಲ್ಲ. ಚಂದಲೆಯೂ ಕೇಳಲಿಲ್ಲ. ಕಾಲು ತಾನಾಗಿ ಅಡುಗೆಮನೆಯ ಕಡೆ ತಿರುಗಿತು. ಅಲ್ಲಿಗೆ ಹೋಗುವುದು ಅವಳಿಗೆ ಸುಲಭವಾಗಿರಲಿಲ್ಲ.

ಅಡುಗೆಯ ಸಂಕಜ್ಜನೇ ಮಂಜಿನ ದಿನಗಳಲ್ಲಿ ಗಂಟೆ ಹೊಡೆಯುತ್ತಿದ್ದವನು. ಗಂಟೆ ಬಿರಿದ ದಿನ ಚಂದಲೆ ಎಲ್ಲರ ಎದುರು ಅವನ ಕಡೆ ಬೆರಳು ತೋರಿಸಿದ್ದಳು. ಮುದ್ದೆ ತೊಳಸುವ ತೋಳಲ್ಲಿ ಮರದ ಕೊಡತಿ ಬೀಸಿದರೆ ಗಂಟೆ ಬಿರಿಯದೆ ಇನ್ನೇನಾದೀತು ಎಂದಿದ್ದಳು. ಅಂದಿನಿಂದ ಅವನು ಕೊಡತಿ ಮುಟ್ಟಿರಲಿಲ್ಲ. ಅವಳ ಎಲೆಗೆ ತುಪ್ಪವನ್ನೂ ಬಡಿಸಿರಲಿಲ್ಲ.

ಹೊಸಿಲಾಚೆಯೇ ನಿಂತು ಕೇಳಿದಳು:

"ಸಂಕಜ್ಜ, ಇರೋದು ಹೌದು. ಆದರೆ ಕಣ್ಣಿಗೆ ಕಾಣಲ್ಲ. ಅಂಥದ್ದನ್ನ ಕಾಣಿಸೋದು ಹೇಗೆ?"

"ಏನು, ನನ್ನ ಮಾನ ಹುಡುಕ್ತಾ ಇದ್ದೀಯ?" ಎಂದ ಸಂಕಜ್ಜ.

ಅವಳು ಹೊಸಿಲು ಬಿಟ್ಟು ಕದಲಲಿಲ್ಲ.

ಸಂಕಜ್ಜ ಸೌಟು ಕೆಳಗಿಟ್ಟ. ಮೂಲೆಯಲ್ಲಿ ಹೊಸ ಕಲ್ಲುಚಟ್ಟಿಯೊಂದಿತ್ತು. ಒಳಗೆ ಕಾಣದ ಸೀಳಿದ್ದರೆ ಅದು ಒಲೆಯ ಮೇಲೇ ಬಾಯಿ ಬಿಟ್ಟು ಸಾರೆಲ್ಲ ಬೂದಿಪಾಲು. ಅದಕ್ಕೇ ಅವನು ಒಲೆಗಿಡುವ ಮೊದಲು ಎಣ್ಣೆ ಸವರುತ್ತಾನೆ. ಒಂದು ಜಾವ ಬಿಟ್ಟು ಒಣಬಟ್ಟೆಯಲ್ಲಿ ಉಜ್ಜಿ ಒರೆಸುತ್ತಾನೆ. ಮೇಲೆ ಅಕ್ಕಿಹಿಟ್ಟು ಉದುರಿಸುತ್ತಾನೆ. ಸೀಳಿದ್ದರೆ ಅದು ಕುಡಿದ ಎಣ್ಣೆ ಹಿಟ್ಟಿಗೆ ಹತ್ತಿ, ಗೆರೆ ಎದ್ದು ಕಾಣುತ್ತದೆ. ಇಷ್ಟನ್ನೂ ಅವನು ಮಾಡಿ ತೋರಿಸಿದ.

ಮರುದಿನ ಬೆಳಿಗ್ಗೆ ಗಂಟೆಗೆ ಎಣ್ಣೆ ಸವರಿದರು. ಒರೆಸಿದರು. ಸಂಕಜ್ಜ ತಟ್ಟೆ ಹಿಡಿದ, ಚಂದಲೆ ಹಿಟ್ಟು ಉದುರಿಸಿದಳು.

ಗೆರೆ ಮೂಡಿತು. ಮೇಲೆ, ಅವಳು ಕೊರೆದ ತೂತಿಗಿಂತ ಗೇಣುದ್ದ ಆಚೆ ಹೋಗಿ ನಿಂತಿತ್ತು. ನಿಜವಾದ ತುದಿ ಅಲ್ಲಿತ್ತು.

ಕೆಳಗೂ ಇಳಿದಿತ್ತು. ಬಿರುಕು ಸಂಕಜ್ಜನ ಪೆಟ್ಟು ಬೀಳುವ ಜಾಗದಲ್ಲಿ ಶುರುವಾಗಿದೆ ಎಂದು ಎಲ್ಲರೂ ನಂಬಿದ್ದರು. ಹಿಟ್ಟಿನ ಗೆರೆ ಆ ಜಾಗ ದಾಟಿ, ಗಂಟೆಯ ಅಂಚಿನ ಬಳಿ ಕೆತ್ತಿದ್ದ ಹೆಸರಿಗೆ ಹೋಗಿ ಮುಟ್ಟಿತ್ತು.

ಎರಕ ಹೊಯ್ದವರು ಗಂಟೆ ಆರಿದ ಮೇಲೆ ಚಾಣದಿಂದ ತಮ್ಮ ಹೆಸರು ಕೆತ್ತುವುದು ಕಂಚುಗಾರರ ವಾಡಿಕೆ. ಹೆಸರಿನ ಅಡಿಗೆ ಗೆರೆ ಎಳೆಯುವ ವಾಡಿಕೆ ಯಾರಿಗೂ ಇಲ್ಲ. ಚಂದಲೆ ಎಳೆದಿದ್ದಳು. ನೇರವಾಗಿ, ಆಳವಾಗಿ, ತುದಿ ಸೂಜಿಯಂತೆ ಚೂಪಾಗಿ. ಅಕ್ಷರಗಳು ದುಂಡಗಿದ್ದವು, ಅವು ಯಾವ ತಪ್ಪೂ ಮಾಡಿರಲಿಲ್ಲ. ಬಿರುಕು ಹುಟ್ಟಿದ್ದು ಆ ಗೆರೆಯ ಮೊನೆಯಲ್ಲಿ.

ನೋಡಿದವರು ಇಬ್ಬರೇ. ಒಂದು ಸಲ ಉಫ್ ಎಂದರೆ ಹಿಟ್ಟು ಹಾರಿಹೋಗುತ್ತಿತ್ತು. ಚಂದಲೆಯ ಉಸಿರು ಗಂಟಲಿನವರೆಗೆ ಬಂದಿತ್ತು.

"ಊದಬೇಡ" ಎಂದ ಸಂಕಜ್ಜ. "ಮೊದಲು ಮೇಲಿನ ತುದಿಗೆ ಗುರುತು ಹಾಕ್ಕೋ."

ಅವಳು ಗುರುತು ಹಾಕಿಕೊಂಡಳು. ಅಲ್ಲಿ ಹೊಸ ತೂತು ಕೊರೆದಳು. ಬಿರುಕಿನ ಎರಡು ಅಂಚು ಒಂದಕ್ಕೊಂದು ಉಜ್ಜಿ ದನಿ ಕೆಡದಂತೆ ಅರದಿಂದ ತೆಳುವಾಗಿ ಬಿಡಿಸಿದಳು. ಹೆಸರಿನ ಅಡಿಯ ಗೆರೆಗೆ ಇನ್ನೊಂದು ಮೊನೆ ಇತ್ತು. ಯಾರೂ ಹೇಳದಿದ್ದರೂ ಅದನ್ನೂ ದುಂಡಗೆ ತೋಡಿದಳು. ಆಮೇಲೆ ದಿನಾ ಗಂಟೆ ಹೊಡೆದು, ದಿನಾ ಹಿಟ್ಟು ಉದುರಿಸಿ ನೋಡಿದಳು. ಬಿರುಕು ತೂತಿನವರೆಗೆ ಬಂದು ನಿಂತಿತ್ತು. ದನಿ ಮೊದಲಿಗಿಂತ ಸ್ವಲ್ಪ ದಪ್ಪ. ಆದರೆ ಆಚೆ ದಡದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮಂಜು ಹೇಳಿದ ದಿನಕ್ಕೇ ಇಳಿಯಿತು.

ಹನ್ನೊಂದು ಹರಿಗೋಲುಗಳು ಸಂತೆಗೆ ಹೊರಟು ದಡದಲ್ಲಿ ನಿಂತಿದ್ದವು. ಹೆಂಗಸರು, ಮಕ್ಕಳು, ಕುರಿ, ಕಾಳಿನ ಮೂಟೆ. ಗಂಟೆಯನ್ನು ನೋಡಲು ಎಲ್ಲರೂ ಮುಗಿಬಿದ್ದರು. ಹರಿಗೋಲಿನ ಹಿರಿಯ ಆ ಚಿಕ್ಕ ತೂತಿನ ಮೇಲೆ ಹೆಬ್ಬೆರಳು ಆಡಿಸಿ, ಇಂಥ ಬುದ್ಧಿ ಹೊಳೆಯುವುದಕ್ಕೆ ಪುಣ್ಯ ಮಾಡಿರಬೇಕು ಎಂದ. ಚಂದಲಮ್ಮನೇ ಮೊದಲ ಪೆಟ್ಟು ಹಾಕಲಿ ಎಂದು ಎಲ್ಲರೂ ದನಿಗೂಡಿಸಿದರು.

ಕೊಡತಿ ಅವಳ ಕೈಯಲ್ಲೇ ಇತ್ತು. ಒಂಬತ್ತು ವರ್ಷದಲ್ಲಿ ಅಷ್ಟು ಕಣ್ಣುಗಳು ಒಟ್ಟಿಗೆ ಅವಳನ್ನು ಹಾಗೆ ನೋಡಿದ್ದಿಲ್ಲ. ಅವಳಿಗೆ ಹೆಮ್ಮೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

"ತೂತು ಮಾಚವ್ವ ಅನ್ನೋ ಮೆಟ್ಟು ಹೊಲಿಯೋ ತಾಯಿಯದು" ಎಂದಳು. "ತುದಿ ತೋರಿಸಿಕೊಟ್ಟ ಹಿಟ್ಟು ಸಂಕಜ್ಜನದು. ಬಿರುಕು ನನ್ನದು. ನನ್ನ ಹೆಸರಿನ ಕೆಳಗೆ ನಾನೇ ಎಳೆದ ಗೆರೆಯಿಂದ ಹುಟ್ಟಿದ್ದು. ಸಂಕಜ್ಜನ ತೋಳಿನಿಂದ ಅಂತ ನಿಮ್ಮೆಲ್ಲರ ಮುಂದೆ ಹೇಳಿದ್ದೆ. ಅದು ಸುಳ್ಳು. ನಿಮ್ಮೆಲ್ಲರ ಮುಂದೆಯೇ ವಾಪಸು ತಗೋತೀನಿ."

ಅವಳು ಗುಂಪಿನ ಹಿಂದೆ ನಿಂತಿದ್ದ ಸಂಕಜ್ಜನ ಬಳಿ ಹೋಗಿ, ಎರಡೂ ಕೈಯಲ್ಲಿ ಕೊಡತಿ ಮುಂದೆ ಹಿಡಿದಳು.

ಸಂಕಜ್ಜ ಅದನ್ನು ತೆಗೆದುಕೊಂಡು ತೂಕ ನೋಡಿದ.

"ಎಷ್ಟು ಜೋರಾಗಿ ಹೊಡೀಲಿ?"

"ನಿಮಗೆ ತಿಳಿದಷ್ಟು."

ಗಂಟೆ ಮೊಳಗಿತು. ಹರಿಗೋಲುಗಳು ಒಂದರ ಹಿಂದೊಂದು ಮಂಜಿನೊಳಗೆ ಹೊಕ್ಕವು. ಸಂಕಜ್ಜ ಬಿಡದೆ ಹೊಡೆಯುತ್ತಲೇ ಇದ್ದ. ಆಚೆ ದಡದಿಂದ, ಮುಟ್ಟಿದ ಹರಿಗೋಲಿಗೊಂದರಂತೆ ಕೂಗು ಬರತೊಡಗಿತು. ಚಂದಲೆ ಬೆರಳು ಮಡಿಚುತ್ತಾ ಹೋದಳು. ಬೆರಳು ಮುಗಿದ ಮೇಲೂ ಒಂದು ಕೂಗು ಉಳಿದಿತ್ತು. ಅದೂ ಬಂತು. ಹನ್ನೊಂದು.

ಬಿಸಿಲು ಏರಿ ಮಂಜು ಕರಗಿದಾಗ ಅವಳು ಸೊಂಟದಿಂದ ಅರ ತೆಗೆದಳು. ಗಂಟೆಯ ಮುಂದೆ ಮಂಡಿಯೂರಿ, ಅಳಿಸಲೆಂದು ತನ್ನ ಹೆಸರಿನ ಮೊದಲ ಅಕ್ಷರದ ಮೇಲೆ ಇಟ್ಟಳು.

ಬೆಳಗಿನಿಂದ ಕಟ್ಟೆಯ ಮೇಲೆ ಕೂತಿದ್ದ ಗುರುವಮ್ಮ ಎದ್ದು ಬಂದು ಅವಳ ಮುಂಗೈ ಹಿಡಿದರು.

"ಹೆಸರು ಇರಲಿ" ಎಂದರು. "ನಿಮ್ಮ ಶಿಷ್ಯೆ ಯಾರು ಅಂತ ಕೇಳಿಕೊಂಡು ಬಂದವರಿಗೆ ನಾನು ತೂತು ತೋರಿಸ್ತೀನಿ. ಕೊರೆದವರು ಯಾರು ಅಂತ ಅವರು ಕೇಳದೆ ಇರ್ತಾರಾ? ಆಗ ತೋರಿಸೋಕೆ ಹೆಸರು ಬೇಕಲ್ಲ."