ಹಲ್ಲಿಗಳ ಬೀಗತನ

“ಬುದ್ಧೀ, ಕಳ್ಳರಿಗೆಂದು ಮಾಡಿದ ಕಟ್ಟಳೆ ಪ್ರೀತಿಯಿಂದ ಸಾಕುವವನ ಕೈಯನ್ನೂ ಕಟ್ಟಿಹಾಕಿದರೆ ಅದು ನ್ಯಾಯವೇ?” ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಮರುಳಸಿದ್ಧ ಮಠದ ಹಿತ್ತಲಿನಲ್ಲಿ ಗಿಳಿಗಳನ್ನು ಸಾಕಿದ್ದ. ಮರಿಯಾದಾಗ ಅಕ್ಕಪಕ್ಕದ ಊರಿನ ಗೆಳೆಯರಿಗೆ ಕೊಡುತ್ತಿದ್ದ, ಅವರಿಂದ ತರುತ್ತಿದ್ದ. ಕಾಡಿನ ಗಿಳಿ ಹಿಡಿದು ಮಾರುವವರು ಹೆಚ್ಚಾದರೆಂದು ಆ ವಾರ ಊರಿನಲ್ಲಿ ಡಂಗುರ ಹೊಡೆದಿದ್ದರು. ಗಿಳಿಯನ್ನು ಯಾರೂ ಮಾರಬಾರದು, ಯಾರೂ ಯಾರಿಗೂ ಕೊಡಬಾರದು. ಅಂದಿನಿಂದ ಅವನ ಮುಖ ಹುಳಿ ಮಜ್ಜಿಗೆ ಕುಡಿದವನ ಮುಖದಂತಾಗಿತ್ತು.

“ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನು,” ಎಂದು ಗುರುಗಳು ನಕ್ಕರು. “ಕೂತುಕೋ. ನಿನ್ನಂಥವನೇ ಒಬ್ಬ ಗಾಣಿಗನಿದ್ದ. ಅವನದು ಗಿಳಿಯಲ್ಲ, ಹಲ್ಲಿ. ನಗಬೇಡ, ಕೇಳು.”

ಗುರುಗಳು ಹೇಳಿದ ಕತೆ ಇದು.

ಒಂದು ಬೆಟ್ಟ. ಅದರ ನೆತ್ತಿಯ ಮೇಲೆ ಎರಡು ರಾಜ್ಯಗಳ ಗಡಿಕಲ್ಲು. ಆ ಬೆಟ್ಟದ ಬಂಡೆಗಳ ಸಂದಿಯಲ್ಲಿ ಹೊನ್ನಹಲ್ಲಿ ಎಂಬ ಹಲ್ಲಿ ಇತ್ತು. ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ. ಬೆನ್ನ ಮೇಲೆ ಹಳದಿ ಪಟ್ಟೆ, ಉಬ್ಬಿದ ಕಣ್ಣು. ಮೆಚ್ಚದವರಿಗೆ ಅದೂ ಒಂದು ಹಲ್ಲಿ. ಮೆಚ್ಚಿದವರಿಗೆ ಅದರ ಮುಂದೆ ನವಿಲೂ ಸಪ್ಪೆ.

ಬೆಟ್ಟದ ಮೂಡಲಿಗೆ ಒಂದು ಊರು. ಅಲ್ಲಿನ ಒಬ್ಬ ಗಾಣಿಗ ಹೊನ್ನಹಲ್ಲಿಯನ್ನು ಮೆಚ್ಚಿದವನು. ಅವನ ಅಜ್ಜನ ಕಾಲದಲ್ಲಿ ಬೆಟ್ಟದಿಂದ ಬಂದ ಹಲ್ಲಿಗಳ ಸಂತಾನವನ್ನು ಎಣ್ಣೆಯ ಕೋಣೆಯಲ್ಲಿ, ಅಗಲ ಬಾಯಿಯ ಗಡಿಗೆಗಳಲ್ಲಿ ಸಾಕಿದ್ದ. ಸಂಜೆಯಾದರೆ ದೀಪ ಹಚ್ಚಿಟ್ಟು, ದೀಪಕ್ಕೆ ಬಂದ ಹುಳುಗಳನ್ನು ಹಿಡಿದು ಅವಕ್ಕೆ ಉಣಿಸುತ್ತಿದ್ದ.

“ನನ್ನ ತಲೆಗೆ ಒಂದು ತೊಟ್ಟು ಎಣ್ಣೆ ಇಲ್ಲದಿದ್ದರೂ ಸರಿ, ನಿಮ್ಮ ಹಲ್ಲಿಗಳಿಗೆ ದಿನವೂ ದೀಪಾವಳಿ ಆಗಬೇಕು!” ಎಂದು ಅವನ ಹೆಂಡತಿ ಗದರುತ್ತಿದ್ದಳು. ಗದರಿ ಮುಗಿಸಿ ತಾನೇ ಗಡಿಗೆಯೊಳಗೆ ಬಗ್ಗಿ, “ಉಂಡೆಯೇನೇ ನನ್ನವ್ವ?” ಎಂದು ವಿಚಾರಿಸುತ್ತಿದ್ದಳು.

ಬೆಟ್ಟದ ಪಡುವಲಿಗೆ ಇನ್ನೊಂದು ರಾಜ್ಯ, ಇನ್ನೊಂದು ಊರು. ಅಲ್ಲಿನ ಒಬ್ಬ ಕಮ್ಮಾರನಿಗೂ ಇದೇ ಹುಚ್ಚು. ಒಂದು ಸೋಜಿಗವೆಂದರೆ, ಗಾಣಿಗನ ತಣ್ಣನೆಯ ಎಣ್ಣೆ ಕೋಣೆಯಲ್ಲಿ ಒಡೆದ ಮೊಟ್ಟೆಗಳಿಂದ ಬರೀ ಹೆಣ್ಣು ಮರಿಗಳು ಬರುತ್ತಿದ್ದವು. ಕಮ್ಮಾರನ ಕುಲುಮೆಯ ಬಿಸಿ ಗೋಡೆಯ ಬಳಿ ಒಡೆದ ಮೊಟ್ಟೆಗಳಿಂದ ಬರೀ ಗಂಡು. ಯಾಕೆ ಹೀಗೆಂದು ಇಬ್ಬರಿಗೂ ಗೊತ್ತಿರಲಿಲ್ಲ, ತಿಳಿಯುವ ಗೋಜಿಗೂ ಹೋಗಲಿಲ್ಲ. “ಈ ಬೀಗತನ ದೇವರೇ ಗೊತ್ತುಮಾಡಿದ್ದು” ಎಂದು ಒಪ್ಪಿಕೊಂಡುಬಿಟ್ಟಿದ್ದರು.

ಹಾಗಾಗಿ ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಗಾಣಿಗ ಗಡಿಗೆಗೆ ಅರಿಸಿನ ಹಚ್ಚಿ, ಎತ್ತಿನ ಮೇಲೆ ಹೇರಿಕೊಂಡು ಬೆಟ್ಟ ಹತ್ತಿ ಇಳಿಯುತ್ತಿದ್ದ. ಕೆಲವು ಹೆಣ್ಣುಗಳನ್ನು ಕಮ್ಮಾರನಿಗೆ ಕೊಟ್ಟು, ಕೆಲವು ಗಂಡುಗಳನ್ನು ಮನೆಯಳಿಯರೆಂದು ಕರೆತರುತ್ತಿದ್ದ. ಅವನ ಹೆಂಡತಿ ಹೋಳಿಗೆ ಕಟ್ಟಿ ಒಯ್ಯುತ್ತಿದ್ದಳು. ಕಮ್ಮಾರ ಗಾಣಿಗನನ್ನು ‘ಬೀಗರೇ’ ಎಂದೇ ಕರೆಯುತ್ತಿದ್ದ. ದುಡ್ಡಿನ ಮಾತು ಅವರಲ್ಲಿ ಎಂದೂ ಬರಲಿಲ್ಲ.

ದುಡ್ಡಿನ ಮಾತು ಬಂದದ್ದು ಬೇರೆ ಕಡೆಯಿಂದ. ಹೊನ್ನಹಲ್ಲಿಗೆ ಕಡಲಾಚೆ ಬೆಲೆಯಿದೆ ಎಂಬ ಸುದ್ದಿ ವ್ಯಾಪಾರಿಗಳ ಕಿವಿಗೆ ಬಿತ್ತು. ಅವರು ಬಂದು ಬಂಡೆಗಳನ್ನು ಮಗುಚಿ ಮಗುಚಿ ಹಲ್ಲಿಗಳನ್ನು ಹಿಡಿದರು, ಹಡಗು ಹತ್ತಿಸಿದರು. ಬಹಳ ತಡವಾಗಿ ಎರಡೂ ರಾಜ್ಯಗಳ ಅರಸರು ಎಚ್ಚೆತ್ತು ಒಂದೇ ಕಟ್ಟಳೆ ಮಾಡಿದರು. ಹೊನ್ನಹಲ್ಲಿಯನ್ನು ಬೆಟ್ಟದಿಂದ ತೆಗೆಯಬಾರದು. ಮಾರಬಾರದು, ಕೊಡಬಾರದು, ಗಡಿಕಲ್ಲು ದಾಟಿಸಬಾರದು. ಮನೆಯಲ್ಲಿ ಈಗಾಗಲೇ ಇದ್ದದ್ದನ್ನು ಸಾಕಿಕೊಳ್ಳಬಹುದು. ಗಡಿಕಲ್ಲಿನ ಬಳಿ ಒಬ್ಬ ಕಾವಲುಗಾರನನ್ನೂ ನಿಲ್ಲಿಸಿದರು.

“ಕದ್ದವನು ಹಡಗಿನಲ್ಲಿ, ಸಾಕಿದವನು ಸೆರೆಯಲ್ಲಿ!” ಎಂದು ಗಾಣಿಗ ಕೂಗಾಡಿದ. ಆ ವರ್ಷ ದಿಬ್ಬಣ ಹೊರಡಲಿಲ್ಲ. ಮರುವರ್ಷವೂ ಇಲ್ಲ. ಮನೆಯಲ್ಲಿದ್ದ ಮುದಿ ಅಳಿಯಂದಿರು ಒಬ್ಬೊಬ್ಬರಾಗಿ ತೀರಿಕೊಂಡರು. ಗಡಿಗೆಯ ಮರಳಿನಲ್ಲಿ ಮರಿಯಾಗುವ ಮೊಟ್ಟೆ ಕಾಣಲೇ ಇಲ್ಲ. ಕಮ್ಮಾರನ ಮನೆಯ ಕತೆಯೂ ಅದೇ. ಗಾಣಿಗನ ಹೆಂಡತಿ ಗದರುವುದನ್ನು ನಿಲ್ಲಿಸಿದಳು. ಆಗ ಅವನಿಗೆ ನಿಜವಾಗಿ ಭಯವಾಯಿತು.

“ಏನಾದರಾಗಲಿ, ಕಾವಲುಗಾರನ ಕೈಕಾಲು ಹಿಡಿದಾದರೂ ಮದುವೆ ಮಾಡಿಸುತ್ತೇನೆ” ಎಂದು ಕಮ್ಮಾರನಿಗೆ ಹೇಳಿ ಕಳಿಸಿದ. ಯುಗಾದಿ ಕಳೆಯುತ್ತಲೇ ಮನೆಯಲ್ಲಿದ್ದ ಗಡಿಗೆಗಳನ್ನೆಲ್ಲ ಎತ್ತಿನ ಮೇಲೆ ಹೇರಿ, ಹೆಂಡತಿಯೊಡನೆ ಬೆಟ್ಟ ಹತ್ತಿದ. ಗಡಿಕಲ್ಲಿನ ಆಚೆ ಕಮ್ಮಾರ ತನ್ನ ಗಂಡುಗಳನ್ನು ಹೊತ್ತು ಆಗಲೇ ಬಂದು ನಿಂತಿದ್ದ. ನಡುವೆ ಕಾವಲುಗಾರ ಈಟಿ ಅಡ್ಡ ಹಿಡಿದ.

“ಕೊಡುವುದೂ ಮಾರಿದಂತೆಯೇ ಎಂದು ಅರಸರ ಅಪ್ಪಣೆ, ಯಜಮಾನರೇ.”

“ಅಲ್ಲಪ್ಪಾ,” ಎಂದಳು ಗಾಣಿಗನ ಹೆಂಡತಿ, “ನಿಮ್ಮ ಮನೆಯ ಹೆಣ್ಣನ್ನು ಧಾರೆ ಎರೆದು ಕೊಡುತ್ತೀರಲ್ಲ, ಅದು ಮಾರಿದ ಹಾಗೇನು?”

ಕಾವಲುಗಾರ ಒಳ್ಳೆಯ ಮನುಷ್ಯ. ಅವನ ಮುಖ ಕೆಂಪಾಯಿತು. “ನೀವು ಒಳ್ಳೆಯವರೇ ಇರಬಹುದು ಅವ್ವಾ. ಆದರೆ ಹಲ್ಲಿಯ ಮುಖ ನೋಡಿದರೆ ಮನೆಯದೋ ಬೆಟ್ಟದ್ದೋ ನನಗೆ ತಿಳಿಯುತ್ತದೆಯೇ? ಇಂದು ನಿಮ್ಮನ್ನು ಬಿಟ್ಟರೆ ನಾಳೆ ವ್ಯಾಪಾರಿಯೂ ಗಡಿಗೆಗೆ ಅರಿಸಿನ ಹಚ್ಚಿಕೊಂಡು ಬರುತ್ತಾನೆ.”

ಉತ್ತರವಿಲ್ಲದವನಿಗೆ ಸಿಟ್ಟು ಹೆಚ್ಚು, ನಿನಗೇ ಗೊತ್ತಲ್ಲ. “ದೊಡ್ಡದಾಗಿ ಕಾಯುತ್ತೀಯಲ್ಲ, ನೀನು ಕಾಯುವ ಹಲ್ಲಿ ಎಲ್ಲಿದೆ? ತೋರಿಸು ನೋಡೋಣ!” ಎಂದು ಗಾಣಿಗ ಅಬ್ಬರಿಸಿದ.

ಕಾವಲುಗಾರ ಈಟಿ ಕೆಳಗಿಳಿಸಿದ. “ಬಂದಾಗಿನಿಂದ ಒಂದನ್ನೂ ಕಂಡಿಲ್ಲ ಯಜಮಾನರೇ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಕಾಯುವವನು ನಾನು.”

ಗಾಣಿಗ ಕಿವಿಗೊಟ್ಟು ಕೇಳಿದ. ಹೊತ್ತು ಇಳಿಯುತ್ತಿತ್ತು. ಹೊನ್ನಹಲ್ಲಿ ಲೊಚಗುಟ್ಟುವ ಹೊತ್ತು ಅದು. ಬೆಟ್ಟದಲ್ಲಿ ಒಂದು ಸದ್ದೂ ಇಲ್ಲ. ಪ್ರತಿ ವರ್ಷ ಇದೇ ದಾರಿಯಲ್ಲಿ ಹೆಣ್ಣು ಹೇರಿಕೊಂಡು ನಡೆದವನು ಅವನು. ಈ ತವರು ಬರಿದಾದದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಲೋಕದಲ್ಲಿ ಉಳಿದ ಹೊನ್ನಹಲ್ಲಿಗಳೆಲ್ಲ ಈ ಕಲ್ಲಿನ ಆಚೆಗೂ ಈಚೆಗೂ ಗಡಿಗೆಗಳಲ್ಲಿ ಕೂತಿವೆ ಎಂದು ಆಗ ಹೊಳೆಯಿತು. ಹಿಂದಕ್ಕೆ ಹೊತ್ತುಕೊಂಡು ಹೋದರೆ ಅವು ಅವನವೇ. ಅವನ ಕಣ್ಣೆದುರೇ ಮುದಿಯಾಗುತ್ತವೆ, ಅವನ ಕಣ್ಣೆದುರೇ ಮುಗಿಯುತ್ತವೆ.

ಅವನು ಗಡಿಗೆಯನ್ನು ತಬ್ಬಿಕೊಂಡು ಕೂತ. ಆಮೇಲೆ ಕೇಳಿದ. “ಬೆಟ್ಟದಿಂದ ತೆಗೆಯಬಾರದು ಎಂದಿದೆ, ಸರಿ. ಬೆಟ್ಟಕ್ಕೆ ಬಿಡಬಾರದು ಎಂದೇನಾದರೂ ಇದೆಯೇ?”

ಕಾವಲುಗಾರ ಕಣ್ಣು ಮುಚ್ಚಿ ಅಪ್ಪಣೆಯನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಒಪ್ಪಿಸಿದ. ಕಣ್ಣು ತೆರೆದಾಗ ಅವನ ಮುಖ ಅರಳಿತ್ತು. “ಇಲ್ಲ! ಇಲ್ಲವೇ ಇಲ್ಲ!”

ಆದರೂ ಗಾಣಿಗನ ಕೈ ಮುಚ್ಚಳದ ಮೇಲಿಂದ ಏಳಲಿಲ್ಲ. ಕೂಸಿನ ಹಾಗೆ ಅತ್ತ. ಹೆಂಡತಿ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡು, “ಹೆಣ್ಣು ಹೆತ್ತವರು ಎಂದಾದರೂ ಕಳಿಸಲೇಬೇಕಲ್ಲರೀ” ಎಂದಳು. ಅವನು ಗಡಿಗೆಯನ್ನು ಬಂಡೆಯ ಮೇಲೆ ಓರೆಮಾಡಿದ.

ಮೊದಲ ಹಲ್ಲಿ ಹೊರಗೆ ಬರಲು ಒಪ್ಪಲಿಲ್ಲ. ಗಡಿಗೆಯ ಅಂಚಿನಲ್ಲಿ ಕೂತು ತನ್ನ ಕಣ್ಣನ್ನು ತಾನೇ ನಾಲಿಗೆಯಿಂದ ನೆಕ್ಕಿಕೊಂಡಿತು. ಆಮೇಲೆ ಸರಕ್ಕನೆ ಬಂಡೆ ಹತ್ತಿ ಸಂದಿಯೊಳಗೆ ಹೋಯಿತು. ಅದರ ಹಿಂದೆ ಉಳಿದವೂ ಹೊರಟವು. ಆಚೆ ಕಮ್ಮಾರ ತನ್ನ ಗಡಿಗೆಗಳ ಬಾಯಿ ತೆರೆದ. ಒಂದು ಗಂಡು ನೆಟ್ಟಗೆ ಓಡಿಬಂದು ಗಡಿಕಲ್ಲಿನ ಮೇಲೇರಿ ಈಚೆ ಇಳಿಯಿತು.

“ಕಾವಲಪ್ಪಾ, ನಮ್ಮ ಹುಡುಗ ಗಡಿ ದಾಟಿದ! ಹಿಡಿಯುವುದಿಲ್ಲವೇ?” ಎಂದು ಕಮ್ಮಾರ ಕೂಗಿದ.

“ಯಾರೂ ದಾಟಿಸಲಿಲ್ಲವಲ್ಲ,” ಎಂದ ಕಾವಲುಗಾರ. “ಅವನೇ ನಡೆದು ಹೋದ.”

ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೋಳಿಗೆ ಗಡಿ ದಾಟಬಾರದೆಂದು ಯಾವ ಅರಸನೂ ಹೇಳಿರಲಿಲ್ಲ. ಕಲ್ಲಿನ ಮೇಲೇ ಗಂಟು ಬಿಚ್ಚಿ ಮದುವೆ ಊಟ ಮಾಡಿದರು. ಕಾವಲುಗಾರನಿಗೆ ಎಲ್ಲರಿಗಿಂತ ಹೆಚ್ಚು ಬಡಿಸಿದರು, ಇನ್ನು ಮೇಲೆ ನಿಜವಾಗಿ ಕಾಯಬೇಕಾದವನು ಅವನೇ ಎಂದು. ಅವನು ಕಾದ. ಮುಂದೆ ಬಲೆ ಹಿಡಿದು ಬಂದ ವ್ಯಾಪಾರಿಯೊಬ್ಬನನ್ನು ಬೆಟ್ಟದ ಬುಡದವರೆಗೂ ಅಟ್ಟಿಸಿಕೊಂಡು ಹೋದ.

ಈಗಲೂ ಯುಗಾದಿ ಕಳೆದ ಮೇಲೆ ಬೀಗರು ಗಡಿಕಲ್ಲಿನ ಬಳಿ ಸೇರುತ್ತಾರೆ. ಹೊತ್ತು ಇಳಿದರೆ ಬೆಟ್ಟವೆಲ್ಲ ಲೊಚಲೊಚ. ಒಮ್ಮೆ ಕಮ್ಮಾರ, “ಏನೇ ಹೇಳಿ, ಚೆಲುವೆಲ್ಲ ನಮ್ಮ ಗಂಡಿನ ಕಡೆಯದೇ” ಎಂದು ಮೀಸೆ ತಿರುವಿದ. ಯಾವುದೋ ಸಂದಿಯಿಂದ ಹಲ್ಲಿ ಲೊಚಗುಟ್ಟಿತು. “ಹಲ್ಲಿ ನುಡಿಯಿತು, ಇನ್ನು ಸತ್ಯವೇ ಆಯಿತು ಬಿಡಿ!” ಎಂದು ಗಾಣಿಗನ ಹೆಂಡತಿ ಬೆರಳಿನಿಂದ ಕಲ್ಲು ತಟ್ಟಿ ನಕ್ಕಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನೂ ನಗುತ್ತಿದ್ದ. ನಗು ಇಳಿದ ಮೇಲೆ ಹುಬ್ಬು ಗಂಟಿಕ್ಕಿದ.

“ಎಲ್ಲ ಸರಿ ಬುದ್ಧೀ. ಆದರೆ ಗಾಣಿಗನ ಗಡಿಗೆಗಳು ಖಾಲಿಯಾದವಲ್ಲ, ಅವನಿಗೆ ಉಳಿದದ್ದೇನು?”

ಗುರುಗಳು ಅವನ ತಲೆಯ ಮೇಲೆ ಮೆಲ್ಲಗೆ ಮೊಟಕಿದರು.

“ಗಡಿಗೆಯಲ್ಲಿದ್ದ ಹಲ್ಲಿಗಳೆಲ್ಲ ಹೊರಗೆ ಬಂದವು ಮರುಳಸಿದ್ಧ, ನೀನೊಬ್ಬನೇ ಒಳಗೆ ಉಳಿದುಬಿಟ್ಟೆಯಲ್ಲೋ.”