ಬೆಳ್ಳಿಯ ಬೆನ್ನ ಮೇಲಿನ ಕೆಂಪು

ಸುಮ್ಮನೆ ಕೂತು ಕೇಳೋ ಹಾಗಿದ್ದರೆ ಹೇಳ್ತೀನಿ ಮಗಾ. ಮಧ್ಯೆ ಬಾಯಿ ಹಾಕಿದೆಯೋ, ಅಲ್ಲಿಗೇ ನಿಲ್ಲಿಸಿಬಿಡ್ತೀನಿ. ಇದು ನಗೋ ಕತೆ ಅಲ್ಲ.

ಆಗ ಭೂಮಿ ಇನ್ನೂ ಹೊಸದು. ಬೆಟ್ಟಗಳ ಮಣ್ಣು ಸರಿಯಾಗಿ ಒಣಗಿರಲಿಲ್ಲ. ಹಳ್ಳಗಳಿಗೆ ಯಾವ ಕಡೆ ಹರೀಬೇಕು ಅಂತ ಗೊತ್ತಿರಲಿಲ್ಲ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿಕೊಂಡು ಹರೀತಿದ್ದವು. ಕೋಳಿಗೂ ಗಾಳಿಗೂ ಮನುಷ್ಯರಿಗೂ ಆಗ ಒಂದೇ ಮಾತು. ಕೋಳಿ ಕರೆದರೆ ಮನುಷ್ಯರು ಓಗೊಡ್ತಿದ್ದರು.

ಆ ಕಾಲದಲ್ಲಿ ಮುದ್ದವ್ವ ಅಂತ ಒಬ್ಬಳಿದ್ದಳು. ಕಾಡಲ್ಲಿ ಅಲೀತಿದ್ದ ಕೋಳಿಗಳನ್ನ ಮೊದಲು ಮನೆಗೆ ಕರಕೊಂಡು ಬಂದವಳು ಅವಳೇ. "ಬನ್ರೇ, ನಿಮ್ಮ ಹೊಟ್ಟೆ ನಾನು ನೋಡ್ಕೋತೀನಿ. ನರಿ ಬರದ ಹಾಗೆ ಬೇಲಿ ಹಾಕ್ತೀನಿ," ಅಂದಳು. ನಾಲ್ಕು ಹೇಟೆ, ಒಂದು ಹುಂಜ ಅವಳ ಹಿಂದೆ ಬಂದವು.

ಹುಂಜ ಬೇಲಿ ಮೇಲೆ ಹತ್ತಿ ಕೂತಿತು. ಹೇಟೆಗಳು ಹಿತ್ತಲಿಗೆ ಇಳಿದವು. ಎಲ್ಲಕ್ಕಿಂತ ದೊಡ್ಡದು ಜುಟ್ಟಿ. ಆಮೇಲೆ ಕೆಂಚಿ, ಆಮೇಲೆ ಚುಕ್ಕಿ. ಎಲ್ಲಕ್ಕಿಂತ ಚಿಕ್ಕದು ಬೆಳ್ಳಿ, ಮೈಯೆಲ್ಲ ಹಾಲಿನಷ್ಟು ಬಿಳುಪು.

ಮುದ್ದವ್ವ ರಾಗಿ ಚೆಲ್ಲಿದರೆ ಮೊದಲು ಜುಟ್ಟಿ ತಿನ್ನಬೇಕು. ಯಾರಾದರೂ ಮುಂದೆ ಬಂದರೆ ಜುಟ್ಟಿ ಕೆಂಚಿಯನ್ನ ಕುಕ್ಕುತ್ತೆ. ಆ ಸಿಟ್ಟಿಗೆ ಕೆಂಚಿ ಚುಕ್ಕಿಯನ್ನ ಕುಕ್ಕುತ್ತೆ. ಆ ಸಿಟ್ಟಿಗೆ ಚುಕ್ಕಿ ಬೆಳ್ಳಿಯನ್ನ ಕುಕ್ಕುತ್ತೆ. ಬೆಳ್ಳಿ ಯಾರನ್ನ ಕುಕ್ಕಬೇಕು? ಅದು ಖಾಲಿ ನೆಲ ಕುಕ್ಕಿಕೊಂಡು ಸುಮ್ಮನಾಗ್ತಿತ್ತು.

ಕಾಡಲ್ಲಾಗಿದ್ದರೆ ಓಡಿಹೋಗ್ತಿತ್ತು. ಇಲ್ಲಿ ಎಲ್ಲಿಗೆ ಓಡುತ್ತೆ ಹೇಳು? ಸುತ್ತ ಮುದ್ದವ್ವನ ಬೇಲಿ.

ಒಂದು ದಿನ ಚುಕ್ಕಿ ಕುಕ್ಕಿದ್ದು ಜೋರಾಯ್ತು. ಬೆಳ್ಳಿಯ ಬೆನ್ನಿನ ಪುಕ್ಕ ಕಿತ್ತುಬಂತು, ಒಂದು ಹನಿ ರಕ್ತ ಬಿಳಿ ಮೈ ಮೇಲೆ ಕೂತಿತು. ಮೂರೂ ಕೋಳಿ ರಾಗಿ ಬಿಟ್ಟು ಅದನ್ನೇ ನೋಡಿದವು. ಕೋಳಿ ಜಾತಿಗೆ ರಕ್ತ ಕಂಡರೆ ಅಯ್ಯೋ ಅನ್ನಿಸಲ್ಲ ಮಗಾ. ಕೊಕ್ಕು ತಾನಾಗಿ ಅಲ್ಲಿಗೇ ಹೋಗುತ್ತೆ. ಜುಟ್ಟಿ ಬಂದು ಅಲ್ಲೇ ಕುಕ್ಕಿತು, ಕೆಂಚಿಯೂ ಬಂತು.

ಬೆಳ್ಳಿ ಕಿರಿಚಿಕೊಂಡು ಮುದ್ದವ್ವನ ಸೀರೆ ಸೆರಗಿನಡಿ ನುಗ್ಗಿತು.

"ಅಯ್ಯೋ ನನ್ ಕಂದ! ಯಾರೇ ಹಿಂಗ್ ಮಾಡಿದ್ದು?" ಅಂತ ಮುದ್ದವ್ವ ಎತ್ತಿಕೊಂಡಳು. ಅವಳು ಕೆಟ್ಟವಳಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಮನೆಯಲ್ಲಿ ಯಾರಿಗೆ ಏನೇ ಆದರೂ ಅವಳದು ಒಂದೇ ಔಷಧಿ. ಮುಳ್ಳು ಚುಚ್ಚಲಿ, ಕಾಲು ಉಳುಕಲಿ, ಚೇಳು ಕಡೀಲಿ, ಅಂಗೈಯಲ್ಲಿ ಅರಿಶಿನಕ್ಕೆ ಸುಣ್ಣ ಹಾಕಿ ಕಲಸಿ ಮೆತ್ತೋಳು.

ಬೆಳ್ಳಿಗೂ ಅದನ್ನೇ ಮೆತ್ತಿದಳು. ಅರಿಶಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತೆ, ನೀನೇ ನೋಡಿದೀಯಲ್ಲ, ಆರತಿ ತಟ್ಟೆಯಲ್ಲಿ? ಕೆಂಪಗೆ, ಕಡುಗೆಂಪಗೆ! ಒಂದು ಹನಿ ಇದ್ದ ಕಡೆ ಅಂಗೈಯಗಲ ಕೆಂಪಾಯ್ತು. "ಹೋಗು, ಇನ್ನೇನೂ ಆಗಲ್ಲ," ಅಂತ ಮುದ್ದವ್ವ ಅದನ್ನ ಹಿತ್ತಲಿಗೇ ಬಿಟ್ಟಳು.

ಮೂರೂ ಕೋಳಿ ಬಂದು ಅದರ ಮೇಲೆ ಬಿದ್ದವು.

ಮಾರನೇ ದಿನ ಗಾಯ ದೊಡ್ಡದಾಗಿತ್ತು. ಮುದ್ದವ್ವ ಇನ್ನೂ ದಪ್ಪಗೆ ಮೆತ್ತಿದಳು. ಅದರ ಮಾರನೇ ದಿನ ಇನ್ನೂ ದೊಡ್ಡದು, ಇನ್ನೂ ದಪ್ಪ. ನನಗಂತೂ ಇಲ್ಲಿಗೆ ಬಂದರೆ ಹೊಟ್ಟೆ ಉರಿದುಹೋಗುತ್ತೆ. ಕಣ್ಣಿಲ್ವೇನೇ ನಿಂಗೆ, ಅಂತ ಅವಳ ತಲೆಗೊಂದು ಮೊಟಕಬೇಕು ಅನ್ಸುತ್ತೆ.

"ಅವ್ವಾ, ಇದು ಬ್ಯಾಡ ಅವ್ವಾ," ಅಂತು ಬೆಳ್ಳಿ.

"ಸ್ವಲ್ಪ ಉರಿಯುತ್ತೆ, ತಡ್ಕೋ."

"ಉರಿ ಅಲ್ಲ ಅವ್ವಾ. ಇದನ್ನ ಹಚ್ಚಬ್ಯಾಡ."

"ಸುಮ್ನಿರೇ, ನಿನ್ನ ಒಳ್ಳೇದಕ್ಕೇ ಹಚ್ತಿರೋದು," ಅಂದಳು ಮುದ್ದವ್ವ, ರೆಕ್ಕೆ ಗಟ್ಟಿಯಾಗಿ ಹಿಡಿದುಕೊಂಡು.

ಬೆಳ್ಳಿ ಬೇಲಿ ಮೇಲಿನ ಹುಂಜನ ಹತ್ತಿರ ಹೋಯ್ತು. "ಹುಂಜಣ್ಣ, ನೀನೊಂದು ಮಾತು ಹೇಳು ಅವಕ್ಕೆ. ನನ್ನ ಕೊಂದೇಬಿಡ್ತವೆ."

"ನಾನು ಸೂರ್ಯನ್ನ ಎಬ್ಬಿಸೋನು ಕಣಮ್ಮ. ಇಂಥ ಹೆಂಗಸರ ಜಗಳಕ್ಕೆಲ್ಲ ನಾನು ಬರಲ್ಲ," ಅಂತು ಹುಂಜ. ಅದರ ಜಂಬಕ್ಕಿಷ್ಟು ಬೆಂಕಿ ಹಾಕ!

ಆಗ ಗಾಳಿ ಅಲ್ಲೇ ಸುಳೀತಿತ್ತು. ಬೆಳ್ಳಿ ಅದನ್ನೂ ಕೇಳಿತು, "ಗಾಳಿಯಪ್ಪ, ನನ್ನನ್ನ ಬೇಲಿ ಆಚೆ ಹಾರಿಸಿಬಿಡು."

"ನೀನು ಹಗುರ ಇಲ್ಲ ತಾಯಿ, ನನ್ನ ಕೈಲಾಗಲ್ಲ," ಅಂತು ಗಾಳಿ. "ನಾನು ಎತ್ತೋಕಾಗೋದು ಧೂಳು ಒಂದೇ."

"ಧೂಳಾದರೂ ಕೊಡಪ್ಪ."

ಗಾಳಿ ಒಲೆ ಬೂದಿಯನ್ನ, ಹಿತ್ತಲ ಒಣಮಣ್ಣನ್ನ ಒಂದು ಮೂಲೆಗೆ ತಂದು ಗುಡ್ಡೆ ಹಾಕಿತು. ಬೆಳ್ಳಿ ಅದರೊಳಗೆ ಬಿದ್ದು ಹೊರಳಿತು. ಆ ಪಕ್ಕ ಹೊರಳಿತು, ಈ ಪಕ್ಕ ಹೊರಳಿತು, ಕಾಲಿನಿಂದ ಕೆದರಿ ಕೆದರಿ ಬೆನ್ನ ಮೇಲೆ ಹಾಕಿಕೊಂಡಿತು. ಎದ್ದಾಗ ಮೈಮೇಲೆ ಬಿಳುಪೂ ಇಲ್ಲ, ಕೆಂಪೂ ಇಲ್ಲ. ಎಲ್ಲ ಮಣ್ಣಿನ ಬಣ್ಣ.

ಜುಟ್ಟಿ ಎದುರಿಗೇ ಬಂತು. ಒಂದು ಕಣ್ಣಿಂದ ನೋಡಿತು, ತಲೆ ತಿರುಗಿಸಿ ಇನ್ನೊಂದು ಕಣ್ಣಿಂದ ನೋಡಿತು. ಸುಮ್ಮನೆ ದಾಟಿಹೋಯ್ತು. ಆವತ್ತು ಬೆಳ್ಳಿ ಹೊಟ್ಟೆ ತುಂಬ ರಾಗಿ ತಿಂತು. ಬಿಸಿಲಲ್ಲಿ ಕಾಲು ಚಾಚಿ ಮಲಗಿತು ಕೂಡ.

ಅಷ್ಟಕ್ಕೇ ಬಿಟ್ಟಿದ್ದರೆ ಅದು ಬದುಕ್ಕೊಳ್ತಿತ್ತು.

ಮಾರನೇ ಬೆಳಗ್ಗೆ ಮುದ್ದವ್ವ ಹೊಲಕ್ಕೆ ಹೊರಟವಳು ನೋಡಿದಳು. "ಥೂ ಥೂ, ಗಾಯಕ್ಕೆ ಮಣ್ಣು ಮೆತ್ಕೊಂಡಿದೀಯಲ್ಲೇ! ಕೀವಾಗಲ್ವಾ?" ಅಂತ ಬಾಚಿ ಎತ್ತಿಕೊಂಡಳು. ಬಿಸಿನೀರಲ್ಲಿ ಮೆಲ್ಲಗೆ, ಮಗು ತೊಳೆದ ಹಾಗೆ ತೊಳೆದಳು. ಬೆಳ್ಳಿ ಹಾಲಿನಷ್ಟು ಬೆಳ್ಳಗಾಯ್ತು. ಆಮೇಲೆ ಅಂಗೈ ತುಂಬ ಅರಿಶಿನ ಸುಣ್ಣ ಕಲಸಿದಳು.

"ಅವ್ವಾ, ಬ್ಯಾಡ. ಅವು ನೋಡ್ತವೆ. ಅವ್ವಾ!"

"ಆಯ್ತು, ಆಯ್ತು, ಮುಗೀತು," ಅಂತ ಮುದ್ದವ್ವ ಮೆತ್ತಿ, ಹಿತ್ತಲಲ್ಲಿ ಇಳಿಸಿ, ಬೇಲಿ ಬಾಗಿಲು ಮುಚ್ಚಿಕೊಂಡು ಹೊಲಕ್ಕೆ ಹೋದಳು.

ಹೊತ್ತಿಳಿಯೋ ಮುಂಚೆ ಬಂದಳು. ಹಿತ್ತಲ ತುಂಬ ಬಿಳಿ ಪುಕ್ಕ. ಬೆಳ್ಳಿ ಬೇಲಿಯ ಸಂದಿಗೆ ತಲೆ ತೂರಿಸಿಕೊಂಡು ಬಿದ್ದಿತ್ತು, ಆಚೆ ಹೋಗೋಕೆ ನೋಡಿದ ಹಾಗೆ. ಮೈ ತಣ್ಣಗಾಗಿತ್ತು. ಮುದ್ದವ್ವ ಅದನ್ನ ಮಡಿಲಲ್ಲಿ ಹಾಕಿಕೊಂಡು ಅತ್ತಳು. ಅತ್ತೂ ಅತ್ತೂ ಸಾಕಾಗಿ, ಕೋಳಿಗಳ ಮೇಲೆ ಹರಿಹಾಯ್ದಳು.

"ಹಾಳಾದವುಗಳಾ! ಏನ್ ಮಾಡಿತ್ತು ಅದು ನಿಮಗೆ? ಯಾಕ್ ಕೊಂದ್ರಿ?"

ಕೆಂಚಿ ಕತ್ತು ವಾರೆ ಮಾಡಿ ನೋಡಿತು. ಅದಕ್ಕೆ ಮುಚ್ಚುಮರೆ ಏನೂ ಇರಲಿಲ್ಲ. "ನೀನೇ ತಾನೆ ಅವ್ವಾ ದಿನಾ ಕೆಂಪು ಹಚ್ಚಿ ತಂದು ಬಿಡ್ತಿದ್ದೆ? ಕುಕ್ಕಲಿ ಅಂತಲೇ ಗುರುತು ಮಾಡ್ತೀಯ ಅಂದ್ಕೊಂಡ್ವಿ."

ಮುದ್ದವ್ವ ತನ್ನ ಅಂಗೈ ನೋಡಿಕೊಂಡಳು. ಬೆಳಗ್ಗೆ ಕಲಸಿದ್ದು ಇನ್ನೂ ಗೆರೆಗಳೊಳಗೆ ಕೂತಿತ್ತು. ಬೆಳ್ಳಿಯ ರಕ್ತ ಯಾವುದು, ತನ್ನ ಔಷಧಿ ಯಾವುದು, ಅವಳಿಗೇ ಗೊತ್ತಾಗಲಿಲ್ಲ. ಆವತ್ತಿಂದ ಕೋಳಿಗಳು ಅವಳ ಹತ್ತಿರ ಮಾತಾಡೋದು ಬಿಟ್ಟವು. ಹೇಳಿದ್ದು ಕೇಳದವರ ಹತ್ತಿರ ಮಾತಾಡಿ ಏನು ಪ್ರಯೋಜನ?

ಅಲ್ಲಿಗೆ ಮುಗೀಲಿಲ್ಲ ಮಗಾ. ಬೆಳ್ಳಿ ಹೋದ ಮೇಲೆ ಹಿತ್ತಲಲ್ಲಿ ಉಳಿದದ್ದು ಮೂರು ಹೇಟೆ. ಜುಟ್ಟಿಯ ಎದೆ ಮೇಲೆ ಬೆಳ್ಳಿಯ ರಕ್ತದ ಕಲೆ ಇತ್ತು. ಕೆಂಚಿ ಅದನ್ನ ನೋಡಿತು, ಚುಕ್ಕಿಯೂ ನೋಡಿತು. ಅಷ್ಟು ದಿನ ಎಲ್ಲರನ್ನೂ ಕುಕ್ಕಿ ಕುಕ್ಕಿ ಮೆರೆದ ಜುಟ್ಟಿಗೆ, ಅವೆರಡೂ ಯಾಕೆ ನೋಡ್ತಿವೆ ಅಂತ ಗೊತ್ತಾಯ್ತು. ಒಂದೇ ಉಸಿರಿಗೆ ಓಡಿ, ಬೆಳ್ಳಿ ಹೊರಳಿದ್ದ ಆ ಗುಡ್ಡೆಯೊಳಗೆ ಬಿದ್ದು ಹೊರಳಾಡಿತು.

ಕೆಂಚಿಯ ಕಾಲಿಗೂ ಕೆಂಪಾಗಿತ್ತು. ಅದೂ ಓಡಿತು. ಹಿಂದೆಯೇ ಚುಕ್ಕಿ.

ಕೊಂದ ಮೂರೂ, ಸತ್ತದ್ದು ಹೊರಳಿದ ಜಾಗದಲ್ಲೇ ಹೊರಳಿದವು. ಒಂದನ್ನೊಂದು ನೋಡಿಕೊಂಡೇ ಹೊರಳಿದವು. ತಮ್ಮ ಮರಿಗಳಿಗೂ ಅದನ್ನೇ ಕಲಿಸಿದವು.

ಅದಕ್ಕೇ ಮಗಾ, ಮೈಮೇಲೆ ಒಂದು ಗೀರೂ ಇಲ್ಲದ ಕೋಳಿ ಕೂಡ ದಿನಾ ಧೂಳಲ್ಲಿ ಬಿದ್ದು ಹೊರಳುತ್ತೆ. ನೀನು ಬೇಕಾದರೆ ಹೋಗಿ ನೋಡು, ಎದ್ದು ಮೈ ಕೊಡವಿದ ಮೇಲೆ ಅದು ಕಾಳಿನ ಕಡೆ ಹೋಗಲ್ಲ. ಒಂದು ಗಳಿಗೆ ಅಲ್ಲೇ ನಿಂತು, ಮಿಕ್ಕ ಕೋಳಿಗಳು ತನ್ನನ್ನ ನೋಡ್ತಿದಾವಾ ಅಂತ ನೋಡುತ್ತೆ.